ಹಳೆಯ ದುರ್ಬೀನುಗಳ ಯೋಗಕ್ಷೇಮ

ಮಳೆಗಾಲವು ತೀರಿ ನಮ್ಮ ಕರಾವಳಿಯ ಆಕಾಶವು ತಿಳಿಯಾಗುತ್ತಲೇ, ಈ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರಾದರೊಬ್ಬರು ಒಂದು ದುರ್ಬೀನನ್ನು ಚೀಲದಲ್ಲಿಟ್ಟುಕೊಂಡು ವಿಜ್ಞಾನದ ಕೊಠಡಿಗೆ ಬರುವದು ಕೆಲವು ವರ್ಷಗಳಿಂದ ವಾಡಿಕೆಯಾಗಿರುತ್ತದೆ. ಅದು ಒಮ್ಮೆ ಹಡಗಿನ ಉದ್ಯೋಗದಲ್ಲಿದ್ದ ಮಾವನವರದು. ಮತ್ತೊಮ್ಮೆ ಕೊಲ್ಲಿಯ ದೇಶದಿಂದ ಅಣ್ಣನು ಮಕ್ಕಳಿಗೆಂದು ತಂದುಕೊಟ್ಟದ್ದು. ಗುಜರಿ ಅಂಗಡಿಯಲ್ಲಿ ಹಿತ್ತಾಳೆಯ ತೂಕಕ್ಕೆ ಕೊಂಡದ್ದೂ ಉಂಟು. ತಂದವರೆಲ್ಲರ ದೂರು ಒಂದೇ: "ಟೀಚರ್, ಇದರಲ್ಲಿ ಚಂದ್ರನ ಹೊರತು ಮತ್ತೇನೂ ಕಾಣುವದಿಲ್ಲ. ಇಟ್ಟುಕೊಳ್ಳಲೋ, ಯಾರಿಗಾದರೂ ಕೊಟ್ಟುಬಿಡಲೋ?" ಹೀಗೆ ಬಂದವುಗಳನ್ನು ನಾವು ಪರೀಕ್ಷಿಸಿ ನೋಡಿದಲ್ಲಿ, ನಿಜವಾಗಿ ಕೆಲಸಕ್ಕೆ ಬಾರದವು ಕೆಲವೇ. ಹೆಚ್ಚಿನವುಗಳಲ್ಲಿ ಗಾಜು ಒಳ್ಳೇದಾಗಿಯೇ ಇದ್ದು ನಿಲ್ಲಿಸುವ ಕಾಲು ಮಾತ್ರ ಕೆಟ್ಟದ್ದಾಗಿತ್ತು. ಉಳಿದವು, ಹೇಳುವದಕ್ಕೆ ಸಂಕೋಚವಾದರೂ ಹೇಳಲೇಬೇಕು, ಶುಚಿಮಾಡ ಹೋದವರ ಕೈಯಿಂದಲೇ ಕೆಟ್ಟಿದ್ದವು.

ಈ ಎರಡನೆಯ ಗುಂಪಿನಲ್ಲಿ ನಾವೂ ಸೇರಿದವರಾದದರಿಂದ ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಳ್ಳುವೆವು. ಶಾಲೆಗೆ ಬಹು ಕಾಲದ ಹಿಂದೆ ದಾನವಾಗಿ ಬಂದ ಮೂರು ಅಂಗುಲದ ಹಿತ್ತಾಳೆಯ ದುರ್ಬೀನನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಒಂದು ಮಳೆಗಾಲದ ಕೊನೆಗೆ ಅದರ ಮುಂದಿನ ಗಾಜಿನಲ್ಲಿ ಒಂದೆರಡು ಚುಕ್ಕೆಗಳನ್ನು ಕಂಡು, ಅವು ನೋಟಕ್ಕೆ ಯಾವ ಅಡ್ಡಿಯನ್ನೂ ಮಾಡದಿದ್ದರೂ ನಮಗೆ ಸುಮ್ಮನಿರಲಾಗಲಿಲ್ಲ. ತಿರುಪಿನ ಬಳೆಯನ್ನು ಬಿಚ್ಚಿದೆವು. ಒಂದೇ ಎಂದು ಎಣಿಸಿದ್ದ ಗಾಜು ಎರಡಾಗಿ ಕೈಗೆ ಬಂತು. ಅವುಗಳ ಮಧ್ಯದಿಂದ ಬೆರಳುಗುರಿನಷ್ಟು ಸಣ್ಣ ಮೂರು ತಗಡಿನ ಚೂರುಗಳು ಉದುರಿದವು. ಎರಡು ಚೂರು ಸಿಕ್ಕಿದವು, ಒಂದು ಸಿಕ್ಕಲಿಲ್ಲ. ಗಾಜುಗಳನ್ನು ತೊಳೆದು ಒರಸಿ, ಕಣ್ಣಿಗೆ ಸರಿಯೆಂದು ತೋರಿದಂತೆ ಜೋಡಿಸಿ ಮುಚ್ಚಿದೆವು. ಆ ರಾತ್ರಿ ಶನಿಗ್ರಹವು ಮಜ್ಜಿಗೆಯಲ್ಲಿ ತೇಲುವ ಬೆಣ್ಣೆಯ ಮುದ್ದೆಯಂತೆ ಕಂಡಿತು. ದುರ್ಬೀನಿಗೆ ವಯಸ್ಸಾಯಿತೆಂದು ತೀರ್ಮಾನಿಸಿ ಅದನ್ನು ಕಪಾಟಿನಲ್ಲಿಟ್ಟೆವು. ಮೂರು ವರ್ಷ ಅದು ಅಲ್ಲಿಯೇ ಇದ್ದಿತು. ಆ ಮೂರು ವರ್ಷಗಳಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿಹೋದ ಹುಡುಗಿಯರು ಶನಿಯ ಬಳೆಯನ್ನು ಶಾಲೆಯ ಅಂಗಳದಲ್ಲಿ ನೋಡದೆಯೇ ಹೋದರು.

ನಡೆದದ್ದೇನೆಂಬುದು ತಡವಾಗಿ ತಿಳಿಯಿತು. ಒಂದೇ ಗಾಜು ಬೇರೆ ಬೇರೆ ಬಣ್ಣದ ಕಿರಣಗಳನ್ನು ಬೇರೆ ಬೇರೆ ದೂರದಲ್ಲಿ ಕೂಡಿಸುವದರಿಂದ ನಕ್ಷತ್ರದ ಸುತ್ತಲೂ ಬಣ್ಣದ ಅಂಚು ಕಾಣುವದು. ಅದನ್ನು ತಗ್ಗಿಸುವದಕ್ಕಾಗಿ ಎರಡು ಜಾತಿಯ ಗಾಜುಗಳನ್ನು ಜೋಡಿಸುವರು. ಜರ್ಮನಿಯ ಫ್ರೌನ್‌ಹೋಫರನು (1787–1826) ರೂಢಿಗೆ ತಂದ ಜೋಡಣೆಯಲ್ಲಿ ಎರಡು ಮೈಯೂ ಉಬ್ಬಿದ ಗಾಜು ಮುಂದೆ, ತಗ್ಗಾದ ಗಾಜು ಹಿಂದೆ. ಉಬ್ಬಿದ ಗಾಜಿನ ಎರಡು ಮೈಗಳಲ್ಲಿ ಹೆಚ್ಚು ಉಬ್ಬಿದ್ದು ಒಳಮುಖವಾಗಿರತಕ್ಕದ್ದು. ನಾವು ಅದನ್ನು ತಿರುಗುಮುರುಗಾಗಿ ಇಟ್ಟಿದ್ದೆವು. ಗಾಜನ್ನು ತಿರುಗಿಸಿ, ಕಳೆದುಹೋದ ಚೂರಿನ ಬದಲಿಗೆ ಮೂರನ್ನೂ ಒಂದೇ ತೆಳುತಗಡಿನಿಂದ ಹೊಸದಾಗಿ ಕತ್ತರಿಸಿ ಅಂಚಿನಲ್ಲಿಟ್ಟಾಗ, ಶನಿಯು ತನ್ನ ಬಳೆಯೊಂದಿಗೆ ಹಿಂದಿರುಗಿ ಬಂದನು. ಆದದರಿಂದ ನಮ್ಮ ಮೊದಲನೆಯ ಪಾಠವು ಇದು: ಮುಂದಿನ ಗಾಜನ್ನು ಬಿಚ್ಚಬಾರದು. ಬಿಚ್ಚಲೇಬೇಕಾದರೆ ಎರಡೂ ಗಾಜುಗಳ ಅಂಚಿಗೆ ಅಡ್ಡಲಾಗಿ ಪೆನ್ಸಿಲಿನಿಂದ ಬಾಣದ ಗುರುತನ್ನು ಹಾಕಿಕೊಂಡ ಮೇಲೆಯೇ ಅವುಗಳನ್ನು ಬೇರ್ಪಡಿಸತಕ್ಕದ್ದು.

ಶಾಸ್ತ್ರಗ್ರಂಥಗಳಲ್ಲಿ ಈ ಮುಂದಿನ ಗಾಜಿಗೆ ವಸ್ತುಮಸೂರವೆಂದೂ, ಕಣ್ಣನ್ನಿಟ್ಟು ನೋಡುವ ಕಡೆಯದಕ್ಕೆ ನೇತ್ರಮಸೂರವೆಂದೂ ಹೆಸರು. ನಾವಿಲ್ಲಿ ಮುಂಗಾಜು, ಕಣ್ಣುಗಾಜು ಎನ್ನುವೆವು.

ಧೂಳಿನ ವಿಷಯದಲ್ಲಿ ಅಮ್ಮಂದಿರಿಗೆ ಒಂದು ಲೆಕ್ಕವನ್ನು ತೋರಿಸಬೇಕು. ಯಾಕಂದರೆ ಮನೆಯ ಪಾತ್ರೆಯು ಹೊಳೆಯಬೇಕೆಂಬ ಶಿಸ್ತೇ ಇಲ್ಲಿ ಶತ್ರುವಾಗುವದು. 60 ಮಿಲ್ಲಿಮೀಟರ್ ಅಗಲದ ಮುಂಗಾಜಿನ ಮೇಲೆ 2 ಮಿಲ್ಲಿಮೀಟರಿನ ಒಂದು ಸಾಸಿವೆಕಾಳು ಅಂಟಿಕೊಂಡಿದೆ ಎಂದು ಭಾವಿಸಿರಿ. ಅದು ತಡೆಯುವ ಬೆಳಕು ಒಂಬೈನೂರರಲ್ಲಿ ಒಂದು ಪಾಲು ಮಾತ್ರ. ಯಾವ ಕಣ್ಣಿಗೂ ಆ ನಷ್ಟವು ತಿಳಿಯದು. ಆದರೆ ಆ ಗಾಜನ್ನು ಸೀರೆಯ ಸೆರಗಿನಿಂದ ಒರಸಿದರೆ ಧೂಳಿನಲ್ಲಿರುವ ಮರಳಿನ ಕಣಗಳು ನೂರಾರು ಗೀರುಗಳನ್ನು ಎಳೆಯುವವು. ಧೂಳನ್ನು ತೆಗೆಯಬಹುದು, ಗೀರನ್ನು ತೆಗೆಯಲಾಗದು. ಔಷಧದಂಗಡಿಯಲ್ಲಿ ಸಿಕ್ಕುವ ರಬ್ಬರಿನ ಬುರುಡೆಯಿಂದ ಗಾಳಿ ಹಾಕುವದೇ ಸಾಕು. ಬಾಯಿಂದ ಊದಿದರೆ ಉಗುಳು ಹಾರುವದು. ಬೆರಳಿನ ಜಿಡ್ಡು ನಿಜವಾಗಿ ಹತ್ತಿದ್ದರೆ, ಭಟ್ಟಿಯಿಳಿಸಿದ ನೀರಿಗೆ ಒಂದೆರಡು ತೊಟ್ಟು ಸೌಮ್ಯವಾದ ಸಾಬೂನಿನ ದ್ರವವನ್ನು ಬೆರೆಸಿ, ಆಸ್ಪತ್ರೆಯ ಹತ್ತಿಯನ್ನು ಅದರಲ್ಲಿ ನೆನೆಸಿ, ಹತ್ತಿಯ ಭಾರವಲ್ಲದೆ ಬೇರೆ ಭಾರವನ್ನು ಕೊಡದೆ, ನಡುವಿನಿಂದ ಅಂಚಿಗೆ ಒಂದು ಸಾರಿ ಎಳೆದು ಆ ಹತ್ತಿಯನ್ನು ಬಿಸಾಡಬೇಕು. ಕನ್ನಡಿಯುಳ್ಳ ದುರ್ಬೀನಾದರೆ ಎಚ್ಚರವು ಇಮ್ಮಡಿಯಾಗಿರಲಿ. ಅದರ ಮೇಲಿರುವ ಅಲ್ಯೂಮಿನಿಯಮ್ಮಿನ ಲೇಪವು ಒಂದು ಮಿಲ್ಲಿಮೀಟರಿನ ಹತ್ತುಸಾವಿರದಲ್ಲೊಂದು ಪಾಲಿನಷ್ಟೇ ದಪ್ಪವುಳ್ಳದ್ದು.

ನಮ್ಮ ಸೀಮೆಯಲ್ಲಿ ಧೂಳಿಗಿಂತಲೂ ಕೆಟ್ಟದ್ದು ಬೂಷ್ಟು. ಜೂನಿನಿಂದ ಸೆಪ್ಟೆಂಬರಿನ ವರೆಗೆ ಚಪ್ಪಲಿಯನ್ನೂ ಪುಸ್ತಕವನ್ನೂ ಬಿಡದ ಅದು ಗಾಜನ್ನೂ ಬಿಡುವದಿಲ್ಲ. ಹಳೆಯ ದುರ್ಬೀನನ್ನು ಕೊಳ್ಳುವಾಗ ಒಂದು ಟಾರ್ಚನ್ನು ಜತೆಗೆ ಒಯ್ದು, ಮುಂಗಾಜಿನೊಳಗೆ ಓರೆಯಾಗಿ ಬೆಳಕನ್ನು ಬಿಟ್ಟು ನೋಡಿರಿ. ಜೇಡನ ನೂಲಿನಂತೆ ಕವಲೊಡೆದ ಎಳೆಗಳು ಕಂಡರೆ ಅದು ಬೂಷ್ಟು. ಹೊಸದಾದರೆ ತೊಳೆದು ಹೋಗುವದು. ಹಳೆಯದಾದರೆ ಗಾಜನ್ನೇ ತಿಂದು ಕಲೆಯನ್ನುಳಿಸುವದು. ಉಪಕರಣದೊಂದಿಗೆ ಬಂದ ತೊಗಲಿನ ಪೆಟ್ಟಿಗೆಯು ಎಷ್ಟು ಚೆಂದವಾಗಿದ್ದರೂ ಮಳೆಗಾಲದಲ್ಲಿ ಅದರೊಳಗೆ ದುರ್ಬೀನನ್ನು ಇಡಕೂಡದು. ತೊಗಲು ತೇವವನ್ನು ಹೀರಿ ಬೂಷ್ಟಿಗೆ ತವರುಮನೆಯಾಗುವದು. ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಹರಳುಗಳ ಒಂದು ಬಟ್ಟೆಯ ಗಂಟಿನೊಂದಿಗೆ ಇಡಿರಿ. ನೀಲಿಯ ಹರಳು ತೇವವನ್ನು ಹೀರಿದಾಗ ಗುಲಾಬಿಯಾಗುವದು. ಮೆಲ್ಲನೆ ಕಾಯಿಸಿದರೆ ಮರಳಿ ನೀಲಿಯಾಗುವದು. ಆ ನೀಲಿಯ ಬಣ್ಣವು ವಿಷಪದಾರ್ಥವಾದ ಕಾರಣ ಅಡಿಗೆಯ ಪಾತ್ರೆಯಲ್ಲಿ ಕಾಯಿಸಬಾರದು.

ಇನ್ನು ಕಾಲಿನ ಮಾತು. ಹಳೆಯ ದುರ್ಬೀನುಗಳಲ್ಲಿ ನಾವು ಹೆಚ್ಚಾಗಿ ಕಾಣುವದು 60 ಮಿಲ್ಲಿಮೀಟರ್ ಮುಂಗಾಜು, 700 ಮಿಲ್ಲಿಮೀಟರ್ ಸಂಗಮದೂರವುಳ್ಳದ್ದು. ಅದರ ಪೆಟ್ಟಿಗೆಯ ಮೇಲೆ 525 ಪಟ್ಟು ದೊಡ್ಡದಾಗಿ ತೋರಿಸುವದೆಂದು ಅಚ್ಚು ಹಾಕಿರುವರು. ಲೆಕ್ಕವು ಸುಳ್ಳಲ್ಲ: 4 ಮಿಲ್ಲಿಮೀಟರಿನ ಕಣ್ಣುಗಾಜು 175 ಪಟ್ಟು, ಅದರ ಮುಂದೆ ಮೂರು ಪಟ್ಟಿನ ಇನ್ನೊಂದು ಗಾಜು. ಆದರೆ ಮುಂಗಾಜಿನ ಒಂದೊಂದು ಮಿಲ್ಲಿಮೀಟರಿಗೆ ಎರಡು ಪಟ್ಟಿಗಿಂತ ಮೇಲೆ ಹೋದರೆ ಚಿತ್ರವು ದೊಡ್ಡದಾಗುವದೇ ಹೊರತು ಹೊಸ ವಿವರವೇನೂ ಕಾಣದು. 60ಕ್ಕೆ 120 ಪಟ್ಟೇ ಗಡಿ. ಇದಲ್ಲದೆ ಚಿತ್ರವು ಎಷ್ಟು ಪಟ್ಟು ಹೆಚ್ಚುವದೋ ನಡುಕವೂ ಅಷ್ಟೇ ಪಟ್ಟು ಹೆಚ್ಚುವದು. ತೆಳುವಾದ ತಗಡಿನ ಮೂರು ಕಾಲಿನ ಮೇಲೆ 175 ಪಟ್ಟಿನಲ್ಲಿ ನೋಡುವ ಮಗುವಿಗೆ ಗುರುಗ್ರಹವು ಕುದಿಯುವ ಎಣ್ಣೆಯಲ್ಲಿಯ ಸಾಸಿವೆಯಂತೆ ಹಾರಾಡುವದು. ಅದೇ ಮಗುವು 20 ಮಿಲ್ಲಿಮೀಟರಿನ ಕಣ್ಣುಗಾಜಿನಿಂದ 35 ಪಟ್ಟಿನಲ್ಲಿ ನೋಡಿದರೆ ಗುರುವಿನ ನಾಲ್ಕು ಚಂದ್ರರನ್ನೂ ಶನಿಯ ಬಳೆಯನ್ನೂ ಕಾಣುವದು. ಗೆಲಿಲಿಯೋ 1610ರಲ್ಲಿ ಆ ಚಂದ್ರರನ್ನು ಕಂಡುಹಿಡಿದದ್ದು ಇದಕ್ಕಿಂತಲೂ ಕಡಿಮೆ ಪಟ್ಟಿನ ಕೊಳವೆಯಿಂದ.

ಕಾಲನ್ನು ಸುಧಾರಿಸುವ ಸುಲಭೋಪಾಯವೇನಂದರೆ, ಕಾಲುಗಳನ್ನು ಉದ್ದಕ್ಕೆ ಎಳೆಯದೆ ಗಿಡ್ಡವಾಗಿಯೇ ನಿಲ್ಲಿಸಿ, ನಡುವಿನಿಂದ ಹೊಯಿಗೆ ತುಂಬಿದ ಒಂದು ಚೀಲವನ್ನು ತೂಗಹಾಕಿ, ನೋಡುವವರು ಮಣೆಯ ಮೇಲೆ ಕುಳಿತುಕೊಳ್ಳುವದು. ಇದಕ್ಕಿಂತ ಉತ್ತಮವಾದದ್ದು ಬಡಗಿಯ ಕೆಲಸ. ಅಮೇರಿಕದ ಜಾನ್ ಡಾಬ್ಸನ್ (1915–2014) ಎಂಬವರು ಸ್ಯಾನ್ ಫ್ರಾನ್ಸಿಸ್ಕೋ ಪಟ್ಟಣದ ಬೀದಿಬದಿಯಲ್ಲಿ ದಾರಿಹೋಕರಿಗೆ ಆಕಾಶವನ್ನು ತೋರಿಸುವದಕ್ಕಾಗಿ, ಸಾಧಾರಣ ಹಲಗೆಯ ಪೆಟ್ಟಿಗೆಯಲ್ಲಿ ದೊಡ್ಡ ದುರ್ಬೀನುಗಳನ್ನು ಕೂರಿಸುವ ಪದ್ಧತಿಯನ್ನು ರೂಢಿಗೆ ತಂದರು. ಅದನ್ನು ಸಣ್ಣ ದುರ್ಬೀನಿಗೂ ಒಗ್ಗಿಸಬಹುದು. ನಾವು 18 ಮಿಲ್ಲಿಮೀಟರ್ ಪ್ಲೈವುಡ್ಡಿನಿಂದ ಮೇಲೆ ತೆರೆದ ಒಂದು ಪೆಟ್ಟಿಗೆಯನ್ನು ಮಾಡಿಸಿ, ಕೊಳವೆಯ ಎರಡು ಪಕ್ಕಗಳಿಗೆ ಪಿ.ವಿ.ಸಿ. ಪೈಪಿನ ದುಂಡು ಮುಚ್ಚಳಗಳನ್ನು ಕಟ್ಟಿಸಿ, ಅವು ಪೆಟ್ಟಿಗೆಯ ಅಂಚಿನ ಕಚ್ಚುಗಳಲ್ಲಿ ಕೂರುವಂತೆ ಮಾಡಿದೆವು. ಪೆಟ್ಟಿಗೆಯ ಅಡಿಗೆ ಫಾರ್ಮೈಕಾ ಹಾಳೆ, ಅದರ ಕೆಳಗೆ ಮೂರು ಟೆಫ್ಲಾನಿನ ತುಂಡುಗಳು, ನಡುವೆ ಒಂದು ಬೋಲ್ಟು. ಒಂದು ಬೆರಳಿನಿಂದ ತಳ್ಳಿದರೆ ತಿರುಗುವದು. ಬೆರಳನ್ನು ತೆಗೆದರೆ ಅಲ್ಲಿಯೇ ನಿಲ್ಲುವದು. ಬಡಗಿಯು ಇದನ್ನು ಕೋಳಿಗೂಡೆಂದು ತಿಳಿದು ಗಾಳಿಗೆ ಕಿಂಡಿಯನ್ನು ಎಲ್ಲಿ ಬಿಡಲೆಂದು ಕೇಳಿದನು.

ಹಳೆಯ ದುರ್ಬೀನಿನೊಂದಿಗೆ ಬಂದ ಕಣ್ಣುಗಾಜುಗಳು ಅನೇಕ ವೇಳೆ ಹೀನವಾದವು. ಅವುಗಳ ಕೊಳವೆಯ ಅಳತೆಯು 24.5 ಮಿಲ್ಲಿಮೀಟರಾಗಿದ್ದರೆ, ಈಗ ಅಂಗಡಿಯಲ್ಲಿ ಸಿಕ್ಕುವ ಒಳ್ಳೆಯವು 31.7 ಮಿಲ್ಲಿಮೀಟರಿನವು. ಒಂದನ್ನು ಮತ್ತೊಂದಕ್ಕೆ ಕೂಡಿಸುವ ಬಳೆಯನ್ನು ಕ್ರಯಕ್ಕೆ ಕೊಳ್ಳಬಹುದು. ಲೇಥಿನ ಕೆಲಸದವರಿಂದಲೂ ಮಾಡಿಸಬಹುದು. ಒಂದೇ ಒಂದು ಒಳ್ಳೆಯ ಕಣ್ಣುಗಾಜು ಹಳೆಯ ದುರ್ಬೀನಿಗೆ ಹೊಸ ಜೀವವನ್ನು ಕೊಡುವದನ್ನು ನಾವು ಕಂಡಿದ್ದೇವೆ.

ಜೋಡಿ ದುರ್ಬೀನು, ಎಂದರೆ ಬೈನಾಕ್ಯುಲರು, ಮನೆಯವರಿಗೆ ಇದಕ್ಕಿಂತಲೂ ಹೆಚ್ಚು ಉಪಯೋಗಕ್ಕೆ ಬರುವದು. ಅದರ ಮೇಲೆ 7×50 ಎಂದಿದ್ದರೆ ಏಳು ಪಟ್ಟು, 50 ಮಿಲ್ಲಿಮೀಟರಿನ ಮುಂಗಾಜು ಎಂದರ್ಥ. 50ನ್ನು 7ರಿಂದ ಭಾಗಿಸಿದರೆ ಸುಮಾರು 7 ಮಿಲ್ಲಿಮೀಟರ್; ಕಣ್ಣಿಗೆ ಬರುವ ಬೆಳಕಿನ ಕಟ್ಟು ಅಷ್ಟು ಅಗಲ. ಹುಡುಗಿಯರ ಕಣ್ಣಿನ ಪಾಪೆಯು ಕತ್ತಲೆಯಲ್ಲಿ ಅಷ್ಟು ತೆರೆಯುವದು. ಐವತ್ತು ದಾಟಿದ ನಮ್ಮಂಥವರ ಪಾಪೆಯು ಸಾಧಾರಣವಾಗಿ ಐದರ ಆಸುಪಾಸಿನಲ್ಲಿ ನಿಲ್ಲುವದರಿಂದ ನಮಗೆ 10×50 ಸಾಕು. ಕೊಳ್ಳುವಾಗ ಅದನ್ನು ಕಣ್ಣಿನಿಂದ ಒಂದು ಗೇಣು ದೂರ ಹಿಡಿದು, ದೂರದ ಹೆಂಚಿನ ಮಾಡಿನ ನೆತ್ತಿಯ ಗೆರೆಯನ್ನು ನೋಡಿರಿ. ಎರಡು ಸುತ್ತುಗಳಲ್ಲಿಯೂ ಗೆರೆಯು ಒಂದೇ ಎತ್ತರದಲ್ಲಿರಬೇಕು. ಹಾಗಿಲ್ಲದಿದ್ದರೆ ಅದು ಎಲ್ಲಿಯೋ ಬಿದ್ದು ಒಳಗಿನ ಪಟ್ಟಕಗಳು ಸರಿದಿರುವವು. ತಲೆನೋವಿಗೆ ಬೇರೆ ಕಾರಣವನ್ನು ಹುಡುಕಬೇಕಾಗಿಲ್ಲ. ಅದನ್ನು ಮನೆಯಲ್ಲಿ ಬಿಚ್ಚದೆ ಬಲ್ಲವರಿಗೆ ಕೊಡತಕ್ಕದ್ದು, ಇಲ್ಲವೆ ಚೆನ್ನಾಗಿರುವ ಕಡೆಯಿಂದ ಒಂಟಿಗಣ್ಣಿನಲ್ಲಿ ನೋಡಿದರೂ ಆಯಿತು. ಅನೇಕವುಗಳ ನಡುಕೀಲಿನ ಮುಂದುಗಡೆಯ ಮುಚ್ಚಳವನ್ನು ತೆಗೆದರೆ ತಿರುಪಿನ ತೂತು ಇರುವದು. ಅಲ್ಲಿಗೆ ಒಂದು ಮೂಲೆಪಟ್ಟಿಯನ್ನು ಹಾಕಿ ಕ್ಯಾಮರಾದ ಮುಕ್ಕಾಲಿಗೆ ಬಿಗಿಯಬಹುದು. ತೂತಿಲ್ಲದಿದ್ದರೆ ಒಂದು ಕೋಲಿಗೆ ಸೈಕಲ್ ಟ್ಯೂಬಿನ ಪಟ್ಟಿಯಿಂದ ಕಟ್ಟಿ, ಕೋಲನ್ನು ನೆಲಕ್ಕೆ ಊರಿ, ಆರಾಮಕುರ್ಚಿಯಲ್ಲಿ ಒರಗಿ ಕೃತ್ತಿಕೆಯನ್ನು ನೋಡಿರಿ. ಬರಿಗಣ್ಣಿನ ಆರು ನಕ್ಷತ್ರಗಳು ಕೆಲವು ಹತ್ತುಗಳಾಗುವವು. ಇಂಗ್ಲೆಂಡಿನ ನಿವೃತ್ತ ಉಪಾಧ್ಯಾಯರಾದ ಜಾರ್ಜ್ ಆಲ್ಕಾಕರು 1983ರ ಮೇ ತಿಂಗಳಲ್ಲಿ, ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ, ಮನೆಯೊಳಗೆ ಮೊಣಕಾಲೂರಿ, ಮುಚ್ಚಿದ ಕಿಟಿಕಿಯ ಗಾಜಿನ ಮೂಲಕ 15×80ರ ಜೋಡಿ ದುರ್ಬೀನಿನಿಂದ ಒಂದು ಧೂಮಕೇತುವನ್ನು ಕಂಡುಹಿಡಿದರು.

ಸೂರ್ಯನ ವಿಷಯವನ್ನು ಮಾತ್ರ ತಾಯಿತಂದೆಗಳು ಎರಡು ಸಾರಿ ಓದಬೇಕೆಂದು ಬೇಡುತ್ತೇವೆ. ಹಳೆಯ ದುರ್ಬೀನಿನ ಪೆಟ್ಟಿಗೆಯಲ್ಲಿ, ಕಣ್ಣುಗಾಜಿಗೆ ತಿರುಪಿ ಹಾಕುವ ಗುಂಡಿಯಷ್ಟು ಸಣ್ಣ ಕಪ್ಪು ಗಾಜೊಂದು, ಸೂರ್ಯನೆಂಬ ಅರ್ಥದ ಇಂಗ್ಲಿಷ್ ಮಾತನ್ನು ಹೊತ್ತು ಕುಳಿತಿರುವದುಂಟು. 26-12-2019ರ ಕಂಕಣಗ್ರಹಣಕ್ಕೆ ಕೆಲವು ದಿನಗಳ ಮುಂಚೆ ಒಬ್ಬ ತಂದೆಯವರು ಅಂಥದ್ದನ್ನು ತಂದು, ಮಗಳಿಗೆ ಇದರಿಂದ ಗ್ರಹಣವನ್ನು ತೋರಿಸಬಹುದಲ್ಲವೇ ಎಂದು ಕೇಳಿದರು. ನಾವು ಕಣ್ಣಿನ ಸ್ಥಳದಲ್ಲಿ ಒಂದು ಬಿಳಿಯ ಕಾಗದವನ್ನಿಟ್ಟು ದುರ್ಬೀನನ್ನು ಸೂರ್ಯನ ಕಡೆಗೆ ತಿರುಗಿಸಿ ದೂರ ನಿಂತೆವು. ಮುಂಗಾಜು ಕೂಡಿಸಿದ ಶಾಖವೆಲ್ಲವೂ ಆ ಸಣ್ಣ ಗಾಜಿನ ಬಳಿಯಲ್ಲಿ ಸೇರಿತು. ಸ್ವಲ್ಪ ಹೊತ್ತಿನಲ್ಲಿ ಚಟ್ಟೆಂದು ಶಬ್ದವಾಯಿತು. ಗಾಜು ಅಡ್ಡಲಾಗಿ ಸೀಳಿ, ಕಾಗದದ ಮೇಲೆ ಕಣ್ಣು ಕೋರೈಸುವ ಗೆರೆಯೊಂದು ಬಿದ್ದಿತು. ಆ ತಂದೆಯವರು ಬಹಳ ಹೊತ್ತು ಮಾತಾಡಲಿಲ್ಲ. ನಿಮ್ಮ ಪೆಟ್ಟಿಗೆಯಲ್ಲಿ ಅಂಥದ್ದಿದ್ದರೆ ಅದನ್ನು ಇನ್ನೊಬ್ಬರಿಗೆ ಕೊಡದೆ ಇಂದೇ ಸುತ್ತಿಗೆಯಿಂದ ಒಡೆದುಹಾಕಿರಿ. ಸೂರ್ಯನನ್ನು ನೋಡುವದಾದರೆ ಅದಕ್ಕೆಂದೇ ಮಾಡಿದ ಶೋಧಕಹಾಳೆಯು ಮುಂಗಾಜಿನ ಮುಂದುಗಡೆ ಪೂರ್ತಿಯಾಗಿ ಮುಚ್ಚಿರಬೇಕು. ಹಿಂದುಗಡೆ ಹಾಕುವ ಯಾವದೂ ಸಲ್ಲದು.

ಹಳೆಯ ಉಪಕರಣವು ಕೈಯಿಂದ ಕೈಗೆ ಹೋಗುವದು ಕೊರತೆಯ ಮಾತಲ್ಲ. ಈಗ ಬಾಂಗ್ಲಾದೇಶದಲ್ಲಿರುವ ಜೆಸ್ಸೋರಿನ ರಾಧಾಗೋಬಿಂದ ಚಂದ್ರರು ತೇಜಸ್ಸು ಬದಲಾಗುವ ನಕ್ಷತ್ರಗಳನ್ನು ಮೂರು ಅಂಗುಲದ ದುರ್ಬೀನಿನಿಂದ ರಾತ್ರಿ ರಾತ್ರಿಯೂ ನೋಡಿ ಲೆಕ್ಕ ಬರೆಯುತ್ತಿದ್ದರು. ಅದನ್ನು ಮೆಚ್ಚಿದ ಅಮೇರಿಕದ ವೀಕ್ಷಕರ ಸಂಘವು ಸುಮಾರು ಆರು ಅಂಗುಲದ ಇನ್ನೊಂದು ದುರ್ಬೀನನ್ನು ಅವರಿಗೆ ಎರವಲಾಗಿ ಕಳುಹಿಸಿತು. ಚಂದ್ರರ ಕೈಯಿಂದ ಅದು ವೇಣು ಬಾಪು ಅವರಿಗೂ, ಬಳಿಕ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ಕಾವಲೂರಿನ ವೀಕ್ಷಣಾಲಯಕ್ಕೂ ಬಂದಿತು.

ನಮ್ಮ ಮೂರು ಅಂಗುಲದ ದುರ್ಬೀನು ಈಗ ಕೋಳಿಗೂಡಿನಲ್ಲಿ ಕುಳಿತು ಚೆನ್ನಾಗಿದೆ. 2025ರ ಮಾರ್ಚಿನಲ್ಲಿ ಶನಿಯ ಬಳೆಯು ತನ್ನ ಅಂಚನ್ನು ನಮ್ಮ ಕಡೆಗೆ ತಿರುಗಿಸಿ ಗೆರೆಯಾಗಿದ್ದಿತು. ಆ ಮೇಲೆ ವರ್ಷ ವರ್ಷಕ್ಕೂ ಅಗಲವಾಗಿ ತೆರೆಯುತ್ತಾ ಬರುತ್ತದೆ. ನಮ್ಮ ತಪ್ಪಿನಿಂದ ಅದನ್ನು ಕಾಣದೆ ಹೋದ ಮೂರು ತರಗತಿಗಳವರು ದೀಪಾವಳಿಗೂ ಕ್ರಿಸ್ಮಸ್ಸಿಗೂ ನಡುವೆ, ಚಂದ್ರನಿಲ್ಲದ ಯಾವದಾದರೊಂದು ಶನಿವಾರ ಸಂಜೆ, ಮಕ್ಕಳನ್ನೂ ಕರೆದುಕೊಂಡು ಶಾಲೆಯ ಅಂಗಳಕ್ಕೆ ಬರಬೇಕು. ಮನೆಯಲ್ಲಿ ಹಳೆಯ ದುರ್ಬೀನಿದ್ದರೆ ಅದನ್ನೂ ತನ್ನಿರಿ, ಒರಸದೆ ತನ್ನಿರಿ.