ಕಂಡದ್ದನ್ನು ಕಂಡ ಹೊತ್ತಿಗೇ ಹೇಳು

ಪುಟ್ಟಾ,

ಹೋದ ವಾರದ ಭಾನುವಾರ ನೀನು ಕಾಲೇಜಿನ ಷಟಲ್ ಪಂದ್ಯ ಗೆದ್ದು ಬಂದೆ. ಮನೆಯಲ್ಲಿ ಎಲ್ಲರಿಗೂ ಖುಷಿ. ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕೂತು ನನಗೊಬ್ಬನಿಗೇ ಕೊನೆಯ ಪಾಯಿಂಟಿನ ಕಥೆ ಹೇಳಿದೆ. ಎದುರಿನ ಹುಡುಗ ಹೊಡೆದ ಷಟಲ್ ನಿನ್ನ ಹಿಂದಿನ ಗೆರೆಯ ಮೇಲೇ ಬಿತ್ತು. ನೀನು ಕಣ್ಣಾರೆ ಕಂಡೆ. ಅಂಪೈರ್ ಔಟ್ ಅಂದ. ಆ ಹುಡುಗ ನಿನ್ನ ಮುಖ ನೋಡಿದ. ನೀನು ಟವೆಲ್ ತೆಗೆದುಕೊಂಡು ಬೆವರು ಒರೆಸಿಕೊಂಡೆ. “ಅಂಪೈರೇ ಔಟ್ ಅಂದ್ಮೇಲೆ ನಾನ್ಯಾಕೆ ಬಾಯಿ ಬಿಡ್ಲಿ ಅಜ್ಜ?” ಎಂದು ಕೇಳಿದೆ.

ನಾನು ಆಗ ಸುಮ್ಮನಿದ್ದೆ. ಇದೇ ಪ್ರಶ್ನೆಯನ್ನು ನಿನ್ನ ವಯಸ್ಸಿನಲ್ಲಿ ನಾನೂ ಕೇಳಿಕೊಂಡಿದ್ದೆ, ತಪ್ಪು ಉತ್ತರ ಕೊಟ್ಟುಕೊಂಡಿದ್ದೆ. ಅದನ್ನು ನಿನಗೆ ಹೇಳಲು ಮನಸ್ಸು ಗಟ್ಟಿಮಾಡಿಕೊಳ್ಳುವುದಕ್ಕೆ ಒಂದು ವಾರ ಬೇಕಾಯಿತು. ನನ್ನ ಕಥೆಗೆ ಮೊದಲು ಇನ್ನೊಬ್ಬನ ಕಥೆ ಹೇಳುತ್ತೇನೆ. ನೀನು ಫಾರ್ಮುಲಾ ಒನ್ ನೋಡುವವನು, ಬೇಗ ಹಿಡಿಸುತ್ತದೆ.

ನಮ್ಮ ಗ್ಯಾರೇಜಿಗೆ ಕಾಫಿ ಎಸ್ಟೇಟುಗಳ ಜೀಪುಗಳು ಬರುತ್ತಿದ್ದ ಕಾಲ. ತೋಟದ ಬಂಗಲೆಗಳಿಂದ ಹಳೆಯ ಇಂಗ್ಲಿಷ್ ಮೋಟಾರು ಪತ್ರಿಕೆಗಳು ಚಿಕ್ಕಮಗಳೂರಿನ ರದ್ದಿ ಅಂಗಡಿಗೆ ಬೀಳುತ್ತಿದ್ದವು. ನಾನು ಅವನ್ನು ತೂಕಕ್ಕೆ ಕೊಂಡು ತಂದು, ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಓದುತ್ತಿದ್ದೆ. 1958ರ ಗ್ರ್ಯಾನ್ ಪ್ರಿ ಸಾಲಿನ ಕಥೆ ನನಗೆ ಸಿಕ್ಕಿದ್ದು ಹಾಗೆ.

ಚಾಲಕರ ವಿಶ್ವ ಚಾಂಪಿಯನ್‌ಶಿಪ್ ಶುರುವಾಗಿದ್ದು 1950ರಲ್ಲಿ. ಅದು ಒಂಬತ್ತನೆಯ ವರ್ಷ. ಹೆಚ್ಚಿನ ಕಾರುಗಳಲ್ಲಿ ಎಂಜಿನ್ನು ಮುಂದೆ, ಚಾಲಕ ಹಿಂದೆ. ಸೀಟ್ ಬೆಲ್ಟ್ ಇಲ್ಲ. ಗೆದ್ದವನಿಗೆ 8 ಅಂಕ, ಆಮೇಲಿನವರಿಗೆ 6, 4, 3, 2. ಒಂದು ಸುತ್ತನ್ನು ಎಲ್ಲರಿಗಿಂತ ಬೇಗ ಮುಗಿಸಿದವನಿಗೆ ಮತ್ತೊಂದು ಅಂಕ. ವರ್ಷಕ್ಕೆ 11 ಓಟಗಳು. ಅವುಗಳಲ್ಲಿ ಒಬ್ಬೊಬ್ಬನ ಅತ್ಯುತ್ತಮ ಆರು ಫಲಿತಾಂಶ ಮಾತ್ರ ಲೆಕ್ಕಕ್ಕೆ.

ಪೈಪೋಟಿ ಇಬ್ಬರು ಇಂಗ್ಲಿಷ್ ಹುಡುಗರ ನಡುವೆ. ಒಬ್ಬ ಮೈಕ್ ಹಾಥಾರ್ನ್. ಕತ್ತಿಗೆ ಬೋ ಟೈ ಕಟ್ಟಿಕೊಂಡೇ ರೇಸ್ ಓಡಿಸುವವನು, ಇಟಲಿಯ ಫೆರಾರಿ ತಂಡದವನು. ಇನ್ನೊಬ್ಬ ಸ್ಟರ್ಲಿಂಗ್ ಮಾಸ್. ಬೇರಿಂಗ್ ಮಾಡುವ ಕಾರ್ಖಾನೆಯ ಒಡೆಯ ಟೋನಿ ವ್ಯಾಂಡರ್‌ವೆಲ್ ಕಟ್ಟಿದ ವ್ಯಾನ್‌ವಾಲ್ ಎಂಬ ಹಸಿರು ಕಾರು ಅವನದು. ಹಿಂದಿನ ಮೂರು ವರ್ಷವೂ ಮಾಸ್ ಎರಡನೆಯವನಾಗಿಯೇ ಉಳಿದಿದ್ದ. ಮೂರು ಸಲವೂ ಅವನ ಮುಂದಿದ್ದವರು ಅರ್ಜೆಂಟೀನಾದ ಹಿರಿಯ, ಐದು ಬಾರಿಯ ಚಾಂಪಿಯನ್ ಫಾಂಜಿಯೊ. 1958ರ ನಡುವೆ, ಫ್ರಾನ್ಸಿನ ರೀಮ್ಸ್ ಓಟದೊಂದಿಗೆ ಫಾಂಜಿಯೊ ನಿವೃತ್ತರಾದರು. ಆ ದಿನ ಮುಂದಿದ್ದ ಹಾಥಾರ್ನ್‌ಗೆ ಅವರನ್ನು ಒಂದು ಸುತ್ತು ಹಿಂದೆ ಹಾಕುವಷ್ಟು ವೇಗವಿತ್ತು. ಅವನು ಬ್ರೇಕ್ ಒತ್ತಿ ಹಿಂದೆಯೇ ಉಳಿದ. ಗುರುವಿನಂಥ ಮನುಷ್ಯನಿಗೆ ಸುತ್ತು ಹಾಕಬಾರದು ಎಂಬ ಮರ್ಯಾದೆ ಅದು. ಹಾಥಾರ್ನ್ ಕೂಡ ಸಣ್ಣ ಮನುಷ್ಯನಲ್ಲ ಎಂದು ತಿಳಿಯಲಿ ಅಂತ ಇದನ್ನು ಹೇಳಿದೆ.

ಈಗ ಆ ವರ್ಷದ ಆಗಸ್ಟ್ 24ಕ್ಕೆ ಬಾ. ಪೋರ್ಚುಗಲ್ಲಿನ ಪೋರ್ಟೊ ಊರು. ಬೊವಾವಿಸ್ಟಾ ಎಂಬ ಬೀದಿಗಳ ಮೇಲೆ ಓಟ. ಕಲ್ಲುಹಾಸಿನ ರಸ್ತೆ, ಅದರ ಮಧ್ಯೆ ಟ್ರಾಮ್ ಹಳಿ. ಮಾಸ್ ಎಲ್ಲರನ್ನೂ ಬಿಟ್ಟು ಮುಂದೆ ಹೋಗಿದ್ದ. ಹಾಥಾರ್ನ್ ಎರಡನೆಯ ಸ್ಥಾನದಲ್ಲಿ. ಕೊನೆಯ ಸುತ್ತಿನಲ್ಲಿ ಹಾಥಾರ್ನ್‌ನ ಕಾರು ಹಾದಿ ತಪ್ಪಿ ಪಕ್ಕಕ್ಕೆ ಹೋಗಿ ನಿಂತಿತು, ಎಂಜಿನ್ ಆರಿತು. ಇಳಿದು ತಳ್ಳತೊಡಗಿದ. ಏರು ರಸ್ತೆ. ಕಾರು ಅಲುಗಲೊಲ್ಲದು.

ಏರಿನಲ್ಲಿ ತಳ್ಳಿ ಗಾಡಿ ಸ್ಟಾರ್ಟ್ ಮಾಡಿದವರನ್ನು ನಾನಂತೂ ಕಂಡಿಲ್ಲ. ನಮ್ಮ ಘಾಟಿಯಲ್ಲಿ ಜೀಪು ಕೆಟ್ಟು ನಿಂತರೆ ಮೊದಲು ಮೂತಿಯನ್ನು ಇಳಿಜಾರಿಗೆ ತಿರುಗಿಸಬೇಕು. ಎರಡನೇ ಗೇರಿಗೆ ಹಾಕಿ, ಕ್ಲಚ್ ಒತ್ತಿ ಹಿಡಿದು, ಗಾಡಿ ಓಟ ಹಿಡಿದ ಮೇಲೆ ಕಾಲು ತೆಗೆಯಬೇಕು. ಒಮ್ಮೆ ಮುಗ್ಗರಿಸುತ್ತದೆ, ಕೆಮ್ಮುತ್ತದೆ, ಹತ್ತಿಕೊಳ್ಳುತ್ತದೆ. ಗೆದ್ದ ಮೇಲಿನ ಸುತ್ತು ಹಾಕುತ್ತ ಮಾಸ್ ಅಲ್ಲಿಗೆ ಬಂದ. ಏದುಸಿರು ಬಿಡುತ್ತಿದ್ದ ಹಾಥಾರ್ನ್‌ನನ್ನು ಕಂಡು, ಇಳಿಜಾರಿನ ಕಡೆಗೆ ತಳ್ಳು ಎಂದು ಕೂಗಿ ಮುಂದೆ ಹೋದ. ಹಾಥಾರ್ನ್ ಹಾಗೇ ಮಾಡಿದ. ಎಂಜಿನ್ ಹತ್ತಿತು. ಐದು ನಿಮಿಷಕ್ಕೂ ಹೆಚ್ಚು ತಡವಾಗಿ ಗುರಿ ಮುಟ್ಟಿದರೂ ಎರಡನೆಯ ಸ್ಥಾನ ಉಳಿಯಿತು.

ಉಳಿಯಿತು ಅನ್ನುವಷ್ಟರಲ್ಲಿ ಹೋಯಿತು. ಇಳಿಜಾರು ಇದ್ದದ್ದು ಓಟದ ದಿಕ್ಕಿಗೆ ವಿರುದ್ಧವಾಗಿ. ಎದುರು ದಿಕ್ಕಿನಲ್ಲಿ ಕಾರು ನಡೆಸಿದ್ದಾನೆ, ಇವನ ಫಲಿತಾಂಶ ರದ್ದು ಎಂದರು ಅಧಿಕಾರಿಗಳು.

ಪುಟ್ಟಾ, ಇಲ್ಲಿ ಸ್ವಲ್ಪ ನಿಂತು ಮಾಸ್‌ನ ಜಾಗದಲ್ಲಿ ನಿನ್ನನ್ನು ಇಟ್ಟು ನೋಡು. ಅವನಿಗೆ 28 ವರ್ಷ. ಮೂರು ವರ್ಷ ಕೈತಪ್ಪಿದ ಕಿರೀಟ ಈ ಸಲ ಕೈಗೆಟುಕುವಷ್ಟು ಹತ್ತಿರ. ತಾನು ದೂರು ಕೊಟ್ಟಿಲ್ಲ, ಸುಳ್ಳು ಹೇಳಿಲ್ಲ, ಯಾರಿಗೂ ಕಾಲು ಅಡ್ಡ ಕೊಟ್ಟಿಲ್ಲ. ತೀರ್ಪು ಕೊಟ್ಟವರು ಬೇರೆ. ಹಾಥಾರ್ನ್ ಹೊರಬಿದ್ದರೆ ಮೂರನೆಯವನಾಗಿ ಬಂದಿದ್ದ ಸ್ಟುವರ್ಟ್ ಲೂಯಿಸ್-ಇವಾನ್ಸ್ ಎರಡನೆಯವನಾಗುತ್ತಿದ್ದ, ಅವನು ಮಾಸ್‌ನ ಸ್ವಂತ ತಂಡದ ಹುಡುಗ. ಮಾಸ್ ಮಾಡಬೇಕಾದ್ದು ಒಂದೇ: ಟವೆಲ್ ತೆಗೆದುಕೊಂಡು ಬೆವರು ಒರೆಸಿಕೊಳ್ಳುವುದು.

ಅವನು ಎದ್ದು ಅಧಿಕಾರಿಗಳ ಹತ್ತಿರ ಹೋದ. ಹಾಥಾರ್ನ್ ಎದುರು ದಿಕ್ಕಿನಲ್ಲಿ ಕಾರು ತಳ್ಳಿದ್ದು ನಿಜ, ಆದರೆ ಓಟದ ರಸ್ತೆಯ ಮೇಲಲ್ಲ, ಪಕ್ಕದ ಫುಟ್‌ಪಾತ್ ಮೇಲೆ, ನಾನು ನೋಡಿದ್ದೇನೆ ಎಂದು ಸಾಕ್ಷಿ ಹೇಳಿದ. ಅಧಿಕಾರಿಗಳು ತೀರ್ಪು ಬದಲಿಸಿದರು. ಎರಡನೆಯ ಸ್ಥಾನಕ್ಕೆ 6, ವೇಗದ ಸುತ್ತಿಗೆ 1, ಹಾಥಾರ್ನ್‌ನ 7 ಅಂಕ ಹಿಂದಕ್ಕೆ ಬಂತು.

ಆ ವೇಗದ ಸುತ್ತಿನ ಹಿಂದೆಯೂ ಒಂದು ಸಂಗತಿ ಇದೆ. ಹಾಥಾರ್ನ್ ದಾಖಲೆ ಸುತ್ತು ಓಡಿದ್ದಾನೆ ಎಂದು ತಿಳಿಸಲು ಮಾಸ್‌ನ ತಂಡದವರು ಹಲಗೆಯ ಮೇಲೆ ‘ಆರ್-ಇ-ಸಿ’ ಎಂದು ಬರೆದು ತೋರಿಸಿದರು, ರೆಕಾರ್ಡ್ ಎಂಬ ಅರ್ಥದಲ್ಲಿ. ಹಾರಿಹೋಗುವ ಕಾರಿನಿಂದ ಮಾಸ್ ಕಣ್ಣಿಗೆ ಅದು ‘ಆರ್-ಇ-ಜಿ’ ಎಂದು ಕಂಡಿತು. ರೆಗ್ಯುಲರ್, ಎಲ್ಲ ಸರಿಯಾಗಿದೆ ಎಂದುಕೊಂಡು ವೇಗ ಹೆಚ್ಚಿಸಲಿಲ್ಲ. ಒಂದು ಅಕ್ಷರದ ಗೊಂದಲ, ಒಂದು ಅಂಕ.

ಕೊನೆಯ ಓಟ ಅಕ್ಟೋಬರ್ 19ರಂದು, ಮೊರಾಕೊದ ಕಾಸಾಬ್ಲಾಂಕಾದಲ್ಲಿ. ಮಾಸ್ ಗೆಲ್ಲಬೇಕು, ವೇಗದ ಸುತ್ತೂ ಅವನದಾಗಬೇಕು, ಹಾಥಾರ್ನ್ ಎರಡನೆಯವನಿಗಿಂತ ಹಿಂದೆ ಉಳಿಯಬೇಕು. ಮಾಸ್ ತನ್ನ ಪಾಲಿನ ಎರಡನ್ನೂ ಮಾಡಿದ. ಆದರೆ ಫೆರಾರಿಯ ಫಿಲ್ ಹಿಲ್ ತನ್ನ ತಂಡದ ಹಾಥಾರ್ನ್‌ಗೆ ದಾರಿ ಬಿಟ್ಟ. ಹಾಥಾರ್ನ್ ಎರಡನೆಯವನಾದ. ವರ್ಷದ ಲೆಕ್ಕ ಹಾಥಾರ್ನ್ 42, ಮಾಸ್ 41. ಮಾಸ್ ಗೆದ್ದದ್ದು ನಾಲ್ಕು ಓಟ, ಹಾಥಾರ್ನ್ ಒಂದೇ ಒಂದು. ಆದರೂ ಬ್ರಿಟನ್ನಿನ ಮೊದಲ ವಿಶ್ವ ಚಾಂಪಿಯನ್ ಎಂಬ ಹೆಸರು ಹಾಥಾರ್ನ್‌ಗೆ ಬಂತು.

ನಾನು ಪತ್ರಿಕೆಯ ಅಂಚಿನಲ್ಲೇ ಪೆನ್ಸಿಲ್ಲಿನಿಂದ ಲೆಕ್ಕ ಹಾಕಿದ್ದೆ. ಪೋರ್ಟೊದ 7 ಅಂಕ ತೆಗೆದರೆ ಅದರ ಜಾಗಕ್ಕೆ ಹಾಥಾರ್ನ್‌ನ ಅರ್ಜೆಂಟೀನಾದ 4 ಬರುತ್ತದೆ, ಒಟ್ಟು 39. ಮಾಸ್ ಸುಮ್ಮನಿದ್ದಿದ್ದರೆ ಚಾಂಪಿಯನ್. ಹಲಗೆಯ ಅಕ್ಷರ ಸರಿಯಾಗಿ ಕಂಡು ಆ ವೇಗದ ಸುತ್ತು ಅವನದಾಗಿದ್ದರೂ ಚಾಂಪಿಯನ್. ಎರಡೂ ಒಂದೇ ಮಧ್ಯಾಹ್ನ ಕೈಬಿಟ್ಟುಹೋದವು. ಒಂದು ಕಣ್ತಪ್ಪಿನಿಂದ, ಇನ್ನೊಂದು ತಿಳಿದೂ ತಿಳಿದು.

ಆ ವರ್ಷ ಸಾವಿನ ವರ್ಷವೂ ಹೌದು. ಫೆರಾರಿಯ ಲೂಯಿಜಿ ಮುಸ್ಸೊ ರೀಮ್ಸ್‌ನಲ್ಲಿ ಸತ್ತ. ಹಾಥಾರ್ನ್‌ನ ಜೀವದ ಗೆಳೆಯ ಪೀಟರ್ ಕಾಲಿನ್ಸ್ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಸತ್ತ. ಕಾಸಾಬ್ಲಾಂಕಾದಲ್ಲಿ ಲೂಯಿಸ್-ಇವಾನ್ಸ್‌ನ ಕಾರಿಗೆ ಬೆಂಕಿ ಹತ್ತಿ, ಸುಟ್ಟ ಗಾಯಗಳಿಂದ ಆರು ದಿನಕ್ಕೆ ತೀರಿಕೊಂಡ. ಚಾಂಪಿಯನ್ ಆದ ಕೂಡಲೇ ಹಾಥಾರ್ನ್ ರೇಸ್ ಬಿಟ್ಟ. 1959ರ ಜನವರಿ 22ರಂದು ಇಂಗ್ಲೆಂಡಿನ ಗಿಲ್ಡ್‌ಫರ್ಡ್ ಹತ್ತಿರ, ಸಾಮಾನ್ಯ ರಸ್ತೆಯಲ್ಲಿ ತನ್ನ ಜಾಗ್ವಾರ್ ಅಪ್ಪಳಿಸಿ ಹೋಗಿಬಿಟ್ಟ. ವಯಸ್ಸು 29.

ಮಾಸ್ 2020ರವರೆಗೆ, 90 ವರ್ಷ ಬದುಕಿದ. ವಿಶ್ವ ಚಾಂಪಿಯನ್ ಪಟ್ಟ ಅವನಿಗೆ ಕೊನೆಗೂ ಸಿಗಲಿಲ್ಲ. ಸತ್ಯ ಹೇಳಿದ್ದಕ್ಕೆ ಮುಂದಿನ ವರ್ಷ ದೇವರು ಬಡ್ಡಿಸಮೇತ ಕೊಟ್ಟ ಎಂದು ನಿನಗೆ ಹೇಳಲು ನನಗೂ ಆಸೆ. ಹಾಗೆ ಆಗಲಿಲ್ಲ. ಪಟ್ಟಿಯಲ್ಲಿ ಇಂದಿಗೂ 42 ಮತ್ತು 41 ಎಂದೇ ಇದೆ. ಬೆಲೆ ತೆರಬೇಕಾಗಬಹುದು ಎಂದು ಮೊದಲೇ ತಿಳಿದುಕೊಂಡು ನಿಜ ಹೇಳು. ಲಾಭ ಬರುತ್ತದೆಂದು ಹೇಳಿದ ನಿಜ, ಲಾಭ ಬಾರದಿದ್ದ ದಿನ ಬಾಯಿ ಮುಚ್ಚಿಕೊಳ್ಳುತ್ತದೆ.

ಇದನ್ನು ಓದಿ ನೀನು, ಹಾಗಾದರೆ ಎದುರಾಳಿಗೆ ಪಾಯಿಂಟ್ ದಾನ ಮಾಡಬೇಕಾ ಅಜ್ಜ ಎನ್ನಬಹುದು. ಖಂಡಿತ ಬೇಡ. ಮಾಸ್ ದಾನ ಮಾಡಿದವನಲ್ಲ. ಕಾಸಾಬ್ಲಾಂಕಾದಲ್ಲಿ ಹಾಥಾರ್ನ್‌ನ ಕೈಯಿಂದ ಕಿರೀಟ ಕಿತ್ತುಕೊಳ್ಳಲು ತನ್ನಿಂದಾದದ್ದೆಲ್ಲ ಮಾಡಿದ. ಅದೇ ವರ್ಷ ಜನವರಿಯಲ್ಲಿ ಅರ್ಜೆಂಟೀನಾದಲ್ಲಿ ಮಾಡಿದ್ದು ಕೇಳು. ಅಲ್ಲಿ ಅವನು ಓಡಿಸಿದ್ದು ರಾಬ್ ವಾಕರ್ ಎಂಬುವನ ಪುಟ್ಟ ಕೂಪರ್, ಎಂಜಿನ್ನು ಹಿಂದಿರುವ ಕಾರು. ಅದರ ಚಕ್ರಕ್ಕೆ ನಾಲ್ಕು ನಾಲ್ಕು ಬೋಲ್ಟು, ಟೈರು ಬದಲಿಸಲು ನಿಂತರೆ ಓಟ ಕೈಬಿಟ್ಟ ಹಾಗೆ. ಹಾಗಾಗಿ ನಿಲ್ಲುವುದೇ ಇಲ್ಲ ಎಂದು ತಂಡ ತೀರ್ಮಾನಿಸಿತ್ತು. ಆದರೆ ನಿಲ್ಲುವವರ ಹಾಗೆ ತಯಾರಿ ನಡೆಸಿ ತೋರಿಸಿದರು. ಇವನು ಹೇಗೂ ನಿಲ್ಲುತ್ತಾನೆ ಎಂದು ಫೆರಾರಿಯವರು ಆರಾಮವಾಗಿದ್ದರು. ಅವರಿಗೆ ಅರ್ಥವಾಗುವ ಹೊತ್ತಿಗೆ ತಡವಾಗಿತ್ತು. ರಬ್ಬರು ಸವೆದು ದಾರ ಕಾಣುವ ಟೈರಿನಲ್ಲಿ ಮಾಸ್ 2.7 ಸೆಕೆಂಡಿನಿಂದ ಗೆದ್ದ. ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಹಿಂಬದಿ ಎಂಜಿನ್ನಿನ ಕಾರು ಗೆದ್ದ ಮೊದಲ ಓಟ ಅದು.

ಅದು ಮೋಸವಲ್ಲವೇ ಎಂದರೆ ಅಲ್ಲ. ನಿನ್ನ ಯೋಚನೆಯನ್ನು ಎದುರಾಳಿಯಿಂದ ಬಚ್ಚಿಡುವುದು ಆಟದ ಚತುರತೆ. ಎಡಕ್ಕೆ ನೋಡಿ ಬಲಕ್ಕೆ ಷಟಲ್ ಹೊಡೆ, ಯಾರೂ ಬೇಡ ಅನ್ನುವುದಿಲ್ಲ. ಅದಕ್ಕೆ ಎದುರಿನವನೂ ತಯಾರಾಗಿಯೇ ಬಂದಿರುತ್ತಾನೆ. ಆದರೆ ಆದದ್ದು ಏನು ಎಂಬ ಪ್ರಶ್ನೆ ಎದ್ದಾಗ, ಅದು ನಿನಗೆ ಗೊತ್ತಿದ್ದೂ ಮುಚ್ಚಿಟ್ಟರೆ ಅದು ಆಟವಲ್ಲ. ಗೆರೆಯ ಮೇಲೆ ಬಿದ್ದ ಷಟಲ್ ನಿನ್ನ ಸೊತ್ತೂ ಅಲ್ಲ, ಅವನ ಸೊತ್ತೂ ಅಲ್ಲ. ಅದು ನಡೆದದ್ದು, ಅಷ್ಟೇ. ನೀನು ಹೇಳಿದ್ದರೆ ಔದಾರ್ಯವೇನೂ ಆಗುತ್ತಿರಲಿಲ್ಲ, ಅವನ ಪಾಯಿಂಟ್ ಅವನಿಗೆ ಸೇರುತ್ತಿತ್ತು. ಮಾಸ್ ಕೂಡ ಅದನ್ನು ತ್ಯಾಗ ಎಂದು ಹೇಳಿಕೊಂಡವನಲ್ಲ. ಇದರಲ್ಲಿ ಯೋಚಿಸುವುದಕ್ಕೆ ಏನಿದೆ ಎಂಬುದೇ ಅವನ ನಿಲುವಾಗಿತ್ತು.

ಇನ್ನು ನನ್ನ ಕಥೆ. ನಿನ್ನಜ್ಜಿಗೂ ಇನ್ನೊಬ್ಬನಿಗೂ ಬಿಟ್ಟು ಬೇರೆ ಯಾರಿಗೂ ಹೇಳಿಲ್ಲ.

ನನಗೆ ಆಗ ಇಪ್ಪತ್ತೆರಡು. ಒಂದು ಗ್ಯಾರೇಜಿನಲ್ಲಿ ಕೆಲಸ. ನನ್ನ ಜೊತೆ ಇನ್ನೊಬ್ಬ ಮೇಸ್ತ್ರಿ ಇದ್ದ, ನನಗಿಂತ ನಾಲ್ಕು ವರ್ಷ ದೊಡ್ಡವನು, ವಾಲ್ವ್ ಸೆಟ್ ಮಾಡುವುದನ್ನು ನನಗೆ ಕಲಿಸಿದವನು. ಒಂದು ದಿನ ಅವನು ಒಂದು ಜೀಪಿನ ಆಯಿಲ್ ಬದಲಿಸಿ, ಡ್ರೈನ್ ಬೋಲ್ಟ್ ಬಿಗಿ ಮಾಡಿ, ಬೆರಳಿಂದ ಒರೆಸಿ ನೋಡಿ ಎದ್ದ. ನಾನು ಪಕ್ಕದ ಗಾಡಿಯ ಕೆಳಗೆ ಮಲಗಿದ್ದವನು ಅದನ್ನು ನೋಡಿದೆ. ಅವನು ಚಹಾಕ್ಕೆ ಹೋದಾಗ ಮಾಲೀಕರ ಕಡೆಯ ಹುಡುಗನೊಬ್ಬ ಅದೇ ಬೋಲ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದ್ದನ್ನೂ ನೋಡಿದೆ. ಜೀಪು ಘಾಟಿ ಇಳಿಯುವಾಗ ಆಯಿಲ್ ಎಲ್ಲ ಸುರಿದು ಎಂಜಿನ್ ಹಿಡಿದುಕೊಂಡಿತು. ಬೋಲ್ಟ್ ಬಿಗಿ ಮಾಡಿರಲಿಲ್ಲ ಎಂದು ಮೇಸ್ತ್ರಿಯ ಮೇಲೆ ಹಾಕಿದರು. ಅವನು ಮಾಡಿದ್ದೆ ಎಂದ. ಮಾಲೀಕರು ಎಲ್ಲರನ್ನೂ ಒಮ್ಮೆ ನೋಡಿದರು. ನನ್ನನ್ನು ಯಾರೂ ಹೆಸರು ಹಿಡಿದು ಕೇಳಲಿಲ್ಲ. ಕೇಳದೆ ನಾನ್ಯಾಕೆ ಬಾಯಿ ಬಿಡಲಿ ಎಂದುಕೊಂಡೆ. ಸಂಜೆ ಅವನ ಲೆಕ್ಕ ಚುಕ್ತಾ ಮಾಡಿ ಕಳಿಸಿದರು. ಮರು ತಿಂಗಳು ಅವನ ಜಾಗ ನನಗೆ ಬಂತು.

ಪೋರ್ಟೊದ ಕಥೆ ಓದಿದ್ದು ಅದಾಗಿ ಕೆಲವು ವರ್ಷಕ್ಕೆ. ಆ ಪುಟ ಮುಚ್ಚಿಟ್ಟವನಿಗೆ ಮತ್ತೆ ತೆರೆಯಲು ಧೈರ್ಯ ಬರಲಿಲ್ಲ. ಕೊನೆಗೆ ಒಂದು ದಿನ ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಆ ಮೇಸ್ತ್ರಿ ಸಿಕ್ಕಿದ. ಹನ್ನೊಂದು ವರ್ಷವಾಗಿತ್ತು. ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. ಅವನು ಬಯ್ಯಲಿಲ್ಲ. ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡು, “ಆವತ್ತು ಹೇಳಿದ್ರೆ ಕೆಲಸ ಉಳೀತಿತ್ತಲ್ಲ ಮಾರಾಯ” ಎಂದ. ಅವನ ಬಸ್ಸು ಬಂತು, ಹತ್ತಿ ಹೋದ.

ನನ್ನ ಕಿವಿಮಾತು ಇಷ್ಟೇ ಪುಟ್ಟಾ. ನಿಜ ಹೇಳು ಎಂದು ನಿನಗೆ ಎಲ್ಲರೂ ಹೇಳಿರುತ್ತಾರೆ. ನಾನು ಹೇಳುವುದು, ಅದು ಇನ್ನೊಬ್ಬನಿಗೆ ಉಪಯೋಗಕ್ಕೆ ಬರುವ ಹೊತ್ತಿನಲ್ಲಿ ಹೇಳು. ಮಾಸ್ ಹತ್ತು ವರ್ಷ ಬಿಟ್ಟು ತನ್ನ ನೆನಪುಗಳಲ್ಲಿ ಹಾಥಾರ್ನ್‌ದು ತಪ್ಪಿರಲಿಲ್ಲ ಎಂದು ಬರೆದಿದ್ದರೆ ಅದೂ ನಿಜವೇ. ಆದರೆ ಅಷ್ಟರಲ್ಲಿ ಅದು ಯಾರಿಗೆ ಬೇಕಿತ್ತು? ತೀರ್ಪುಗಾರ ಇನ್ನೂ ಕುರ್ಚಿಯಲ್ಲಿ ಕೂತಿರುವಾಗ, ನಷ್ಟ ಇನ್ನೂ ನಿನಗೇ ತಟ್ಟುವಾಗ ಹೇಳಿದ ಮಾತಿಗೆ ಮಾತ್ರ ಸಾಕ್ಷಿ ಎಂಬ ಹೆಸರು. ಆಮೇಲೆ ಹೇಳಿದ್ದು ಹೇಳಿದವನ ಮನಸ್ಸು ಹಗುರ ಮಾಡಿಕೊಳ್ಳುವುದಕ್ಕೆ. ನನ್ನದೂ ಅದೇ ಆಗಿತ್ತು.

ಮುಂದಿನ ಶನಿವಾರ ಫೈನಲ್ ಅಂದೆ. ನೀನು ಹೋಗುವ ಆ ಜಾಗ ಆ ಹುಡುಗನದೂ ಆಗಿರಬಹುದಿತ್ತು. ಇನ್ನೂ ನಾಲ್ಕು ದಿನ ಇದೆ. ನಿಮ್ಮ ಕ್ರೀಡಾ ಮೇಷ್ಟ್ರು ನಾಳೆ ಬೆಳಿಗ್ಗೆ ಮೈದಾನದಲ್ಲಿ ಇರುತ್ತಾರೆ. ಅವರು ಏನು ತೀರ್ಮಾನಿಸುತ್ತಾರೋ ಅದು ಅವರಿಗೆ ಬಿಟ್ಟದ್ದು. ಕೊನೆಯ ಪಾಯಿಂಟನ್ನು ಮತ್ತೆ ಆಡಿಸಿದರೆ ಜೀವ ಬಿಟ್ಟು ಆಡು, ಗೆದ್ದು ಬಾ. ನಿನಗೆ ಒಬ್ಬನೇ ಹೋಗಲು ಮುಜುಗರವಾದರೆ ನಾನೂ ಬರುತ್ತೇನೆ. ಆರೂವರೆಗೆ ಎದ್ದು ಚಪ್ಪಲಿ ಮೆಟ್ಟಿಕೊಂಡು ಜಗಲಿಯಲ್ಲೇ ಕೂತಿರುತ್ತೇನೆ.

ನಿನ್ನ ಅಜ್ಜ