ವಯಸ್ಸಾಯ್ತು ಅಂತ ಕಾಲು ಕೈಬಿಡಬೇಡಿ

ನೋಡಪ್ಪಾ, ನಿಮ್ಮ ತಂದೆಯ ಓರಗೆಯವನಾಗಿ ಒಂದು ಮಾತು ಹೇಳ್ತೀನಿ. ರಾತ್ರಿ ಮಲಗಿದರೆ ಅವರ ಪಾದ ಕಿತ್ತುಬರುತ್ತೆ, ಮಂಚದ ಅಂಚಿಗೆ ಕೂತು ಕಾಲು ಇಳಿಬಿಟ್ಟರೆ ಕೊಂಚ ಹಾಯೆನಿಸುತ್ತೆ ಅಂದೆಯಲ್ಲ, ಅದನ್ನು ವಾಯು ಅಂತ ತಳ್ಳಿಹಾಕಬೇಡ. ಪಾದಕ್ಕೆ ರಕ್ತ ಸಾಲದೆ ಬರುವ ನೋವೂ ಹೀಗೇ ಇರುತ್ತೆ. ಕಾಲು ಎತ್ತಿದಾಗ ಪಾದ ಬಿಳಿಚಿಕೊಂಡು, ಇಳಿಬಿಟ್ಟಾಗ ಕೆಂಪೇರಿದರೆ, ಬೆರಳಿನ ಹುಣ್ಣು ವಾರ ಎರಡಾದರೂ ಮಾಯದಿದ್ದರೆ, ರಕ್ತನಾಳದ ವೈದ್ಯರ ಹತ್ತಿರ ಕರೆದುಕೊಂಡು ಹೋಗು.

ಅಲ್ಲಿ ಕಾಲಿನ ಬಿ.ಪಿ.ಯನ್ನು ತೋಳಿನ ಬಿ.ಪಿ.ಗೆ ಹೋಲಿಸಿ ನೋಡ್ತಾರೆ. ಅನುಪಾತ 0.9ಕ್ಕಿಂತ ಕೆಳಗಿದ್ದರೆ ನಾಳ ಕಿರಿದಾಗಿದೆ ಅಂತ ಅರ್ಥ. ಸಕ್ಕರೆ ಕಾಯಿಲೆಯವರ ನಾಳ ಗಡುಸಾಗಿ ಈ ಲೆಕ್ಕ ತಪ್ಪಬಹುದು. ಅದಕ್ಕೇ ಡಾಪ್ಲರ್ ಪರೀಕ್ಷೆಯನ್ನೂ ಕೇಳು.

‘ಈ ವಯಸ್ಸಲ್ಲಿ ಇದೆಲ್ಲ ಯಾಕೆ’ ಅನ್ನುವವರು ಸಿಕ್ಕೇ ಸಿಗ್ತಾರೆ. ಆದರೆ 1964ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಡಾ. ಚಾರ್ಲ್ಸ್ ಡಾಟರ್ ಮೊದಲ ಬಾರಿಗೆ ಕಾಲಿನ ನಾಳವನ್ನು ಒಳಗಿಂದಲೇ ಅಗಲಿಸಿದ್ದು 82 ವರ್ಷದ ಅಜ್ಜಿಗೆ. ಬೆರಳು ಕೊಳೆಯುತ್ತಿದ್ದರೂ ಕಾಲು ತೆಗೆಸೋಕೆ ಆಕೆ ಒಪ್ಪಿರಲಿಲ್ಲ. ತೊಡೆಯ ನಾಳದೊಳಗೆ ಕೊಳವೆ ತೂರಿಸಿ ದಾರಿ ಬಿಡಿಸಿದರು. ಆಮೇಲೂ ಆಕೆ ತನ್ನ ಕಾಲಮೇಲೆಯೇ ಓಡಾಡಿದರು. ಇವತ್ತಿನ ಆಂಜಿಯೋಪ್ಲಾಸ್ಟಿ ಬೆಳೆದದ್ದು ಅಲ್ಲಿಂದ.

ಆಂಜಿಯೋಪ್ಲಾಸ್ಟಿಯನ್ನು ಸಾಮಾನ್ಯವಾಗಿ ಚುಚ್ಚಿದ ಜಾಗಕ್ಕಷ್ಟೇ ಮರಗಟ್ಟಿಸಿ ಮಾಡ್ತಾರೆ. ಇನ್ನೊಂದು ದಾರಿ ಬೈಪಾಸ್, ಅದು ದೊಡ್ಡ ಆಪರೇಷನ್. ಹೃದಯ ಗಟ್ಟಿಯಿರಬೇಕು, ಕಾಲಲ್ಲಿ ಒಳ್ಳೇ ಅಭಿಧಮನಿ ಇರಬೇಕು. ಯಾವುದು ಮೇಲು ಅನ್ನೋದರಲ್ಲಿ 2022ರ ಒಂದು ದೊಡ್ಡ ಅಧ್ಯಯನ ಬೈಪಾಸ್ ಕಡೆ ವಾಲಿದರೆ, 2023ರ ಇನ್ನೊಂದು ಆಂಜಿಯೋಪ್ಲಾಸ್ಟಿಯ ಕಡೆ ವಾಲಿತು. ಆದ್ದರಿಂದ ಪಕ್ಕದ ಮನೆಯವರಿಗೆ ಆದದ್ದೇ ನಮಗೂ ಆಗಬೇಕು ಅಂತ ಹಟ ಬೇಡ. ನಾಳದ ಚಿತ್ರ ತೆಗೆಯುವ ಆಂಜಿಯೋಗ್ರಾಂಗೆ ಹಾಕುವ ಡೈ ಮೂತ್ರಪಿಂಡಕ್ಕೆ ಭಾರವಾಗಬಹುದು. ಅದಕ್ಕೇ ಕ್ರಿಯಾಟಿನಿನ್ ವರದಿ ಮೊದಲೇ ತೋರಿಸು.

ಎಲ್ಲಕ್ಕಿಂತ ಮೊದಲು ಅಪ್ಪನನ್ನೇ ಕೇಳು. ರಾತ್ರಿ ನಿದ್ದೆ ಬಂದರೆ ಸಾಕಾ, ಬಚ್ಚಲಿಗೆ ತಾವೇ ನಡೆದು ಹೋಗಬೇಕಾ? ಅವರಿಗೆ ಬೇಕಾದದ್ದು ಏನು ಅಂತ ವೈದ್ಯರಿಗೆ ಗೊತ್ತಾದರೆ ದಾರಿ ಆರಿಸೋದು ಸುಲಭ. ವರ್ಷಗಟ್ಟಲೆ ಹಾಸಿಗೆ ಹಿಡಿದು, ಮಂಡಿ ಮಡಚಿಕೊಂಡುಬಿಟ್ಟವರಿಗೆ ನೋವು ಇಳಿಸಿ ಗಾಯ ನೋಡಿಕೊಳ್ಳೋದೇ ಸರಿಯಾದ ಚಿಕಿತ್ಸೆ ಆಗಬಹುದು. ಕೊಳೆತ ಕಾಲು ತೆಗೆಸಿದರೇ ನೆಮ್ಮದಿ ಅನ್ನುವ ಸಂದರ್ಭವೂ ಉಂಟು. ಅಂಥ ತೀರ್ಮಾನವನ್ನು ಕಾಲು, ಹೃದಯ, ಮನಸ್ಸು ಮೂರನ್ನೂ ನೋಡಿ ಮಾಡಬೇಕು, ಜನ್ಮದಿನಾಂಕ ಒಂದನ್ನೇ ನೋಡಿ ಅಲ್ಲ.

ತೀರ್ಮಾನ ಆಗುವವರೆಗೆ ಪಾದಕ್ಕೆ ಬಿಸಿನೀರಿನ ಚೀಲ ಇಡಬೇಡ. ಸ್ಪರ್ಶ ಕಡಿಮೆಯಾದ ಪಾದ ಸುಟ್ಟರೂ ತಿಳಿಯಲ್ಲ. ಬೀಡಿ ಬಿಡಿಸು. ವೈದ್ಯರು ಬರೆದ ಆಸ್ಪಿರಿನ್, ಕೊಲೆಸ್ಟರಾಲ್ ಮಾತ್ರೆಗಳನ್ನು ನೀನಾಗಿ ನಿಲ್ಲಿಸಬೇಡ. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿ, ಜೋಮು ಹಿಡಿದರೆ ಬೆಳಗಾಗಲಿ ಅಂತ ಕಾಯದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡು.