ಐದು ಗುಂಟೆ ಸಾಕಾಗುವಾಗ ಎರಡೆಕರೆ ಯಾಕೆ?

2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಿದ ಮೇಲೆ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಅಲ್ಲಿಂದೀಚೆಗೆ ಬೆಂಗಳೂರಿನ ಸಂಬಳದಾರರ ಬಾಯಲ್ಲಿ ಒಂದು ಮಾತು ಓಡಾಡುತ್ತಿದೆ: ಮಲೆನಾಡಿನಲ್ಲಿ ಎರಡೆಕರೆ ತಗೊಂಡುಬಿಟ್ಟರೆ ತರಕಾರಿ ನಾವೇ ಬೆಳೆದುಕೊಳ್ಳಬಹುದು, ವಾರಕ್ಕೊಂದು ಗುಡ್ಡ ಹತ್ತಬಹುದು, ಖರ್ಚೇ ಇರುವುದಿಲ್ಲ. ಹಳ್ಳಿಗೆ ಹೋಗುವುದಕ್ಕೆ ನನ್ನ ತಕರಾರಿಲ್ಲ. ಹಿತ್ತಲಿನ ಬೀನ್ಸ್ ತಿಂದು ರೂಢಿಯಾದವರಿಗೆ ಪೇಟೆಯದು ಸೇರುವುದಿಲ್ಲ ಎಂಬುದನ್ನು ನಾನೂ ಬಲ್ಲೆ. ತಕರಾರಿರುವುದು ಆ ಎರಡೆಕರೆಯ ಬಗ್ಗೆ. ಹಳ್ಳಿಯ ಬದುಕನ್ನು ಜಮೀನು ಖರೀದಿಗೆ ಗಂಟುಹಾಕಿದರೆ ಉಳಿತಾಯವೆಲ್ಲ ಮಣ್ಣಿನಲ್ಲಿ ಸಿಕ್ಕಿಕೊಂಡು, ಪಹಣಿಯಲ್ಲಿ ಹೆಸರು ಮಾತ್ರ ಇದ್ದು ಕೈಯಲ್ಲಿ ಕಾಸಿಲ್ಲದ ಸ್ಥಿತಿ ಬರುತ್ತದೆ.

ತರಕಾರಿಯಿಂದಲೇ ಲೆಕ್ಕ ಶುರುಮಾಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುವ ಪ್ರಮಾಣ ಒಬ್ಬರಿಗೆ ದಿನಕ್ಕೆ ಸುಮಾರು 400 ಗ್ರಾಂ. ನಾಲ್ವರ ಮನೆಗೆ ವರ್ಷಕ್ಕೆ 584 ಕೆ.ಜಿ. ಕೆ.ಜಿ.ಗೆ ಸರಾಸರಿ 50 ರೂಪಾಯಿ ಹಿಡಿದರೆ 29,200 ರೂಪಾಯಿ. ಒಂದು ಕಾಯಿಯನ್ನೂ ಕೊಳ್ಳದೆ, ಗೊಬ್ಬರ, ಬೀಜ, ಆಳಿನ ಕೂಲಿ ಯಾವುದನ್ನೂ ಕಳೆಯದೆ ಉಳಿಯುವುದು ಇಷ್ಟೇ. ಇಷ್ಟು ಬೆಳೆಯಲು ಐದು ಗುಂಟೆ ಧಾರಾಳ. ಎಕರೆಗೆ 40 ಗುಂಟೆ. ಇತ್ತ 30 ಲಕ್ಷಕ್ಕೆ ಜಮೀನು ಕೊಂಡರೆ, ಶೇ 7ರ ಠೇವಣಿಯಲ್ಲಿ ಬರಬಹುದಾಗಿದ್ದ 2.10 ಲಕ್ಷ ವರ್ಷವರ್ಷವೂ ಕೈಬಿಡುತ್ತದೆ. ಶೇ 5 ಮುದ್ರಾಂಕ ಶುಲ್ಕ, 2025ರ ಆಗಸ್ಟ್ ಕೊನೆಯಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ ಸೇರಿದರೆ ಮೊದಲ ದಿನವೇ ಇನ್ನೊಂದು ಅಷ್ಟೇ ಮೊತ್ತ ಹೋಗುತ್ತದೆ, ಸೆಸ್ಸು ಬೇರೆ. ವಿಷವಿಲ್ಲದ ತರಕಾರಿಗೆ ಬೆಲೆ ಕಟ್ಟುವುದು ಹೇಗೆ ಎನ್ನುವವರಿದ್ದಾರೆ. ನ್ಯಾಯವಾದ ಮಾತು. ಹಾಗಾದರೆ ಕೆ.ಜಿ.ಗೆ ನೂರು ರೂಪಾಯಿಯನ್ನೇ ಕಟ್ಟಿ. ಆಗಲೂ ವರ್ಷಕ್ಕೆ ಅರವತ್ತು ಸಾವಿರ ದಾಟುವುದಿಲ್ಲ.

ಅದೂ ಹನ್ನೆರಡು ತಿಂಗಳೂ ಹಿತ್ತಲು ಕೊಟ್ಟರೆ. ಮಲೆನಾಡಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟೊಮೆಟೊ ಗಿಡ ಬುಡದಿಂದಲೇ ಕೊಳೆಯುತ್ತದೆ, ಕೊತ್ತಂಬರಿ ಮೇಲೇಳುವುದೇ ಇಲ್ಲ. ಅಲ್ಲಿನವರು ಆ ತಿಂಗಳುಗಳನ್ನು ಕೆಸು, ಕಳಲೆ, ಹಲಸಿನ ಬೀಜದಲ್ಲಿ ಕಳೆಯುತ್ತಾರೆ. ಬೇಸಿಗೆಯಲ್ಲಿ ಬೆಳೆದ ಸೌತೆಕಾಯಿಗಳನ್ನು ಒಂದಕ್ಕೊಂದು ತಾಗದಂತೆ ಬಾಳೆನಾರಿನಲ್ಲಿ ಬಿಗಿದು, ಮಾಡಿನ ಕೆಳಗೆ ಸಾಲಾಗಿ ತೂಗುಬಿಟ್ಟಿರುತ್ತಾರೆ. ಇದು ಎಕರೆ ಎಣಿಸಿ ಬರುವ ವಿದ್ಯೆಯಲ್ಲ. ಉಳಿದ ತಿಂಗಳಲ್ಲಿ ಮಂಗ, ಹಂದಿಗಳ ಪಾಲು ತೆಗೆದಿಡಬೇಕು. ಬೇಲಿಯ ಖರ್ಚು ಜಾಗ ದೊಡ್ಡದಾದಷ್ಟೂ ಏರುತ್ತದೆ ಎಂಬುದನ್ನು ಖರೀದಿಯ ಹುಮ್ಮಸ್ಸಿನಲ್ಲಿ ಯಾರೂ ನೆನೆಯುವುದಿಲ್ಲ.

ಹೆಚ್ಚಾದದ್ದನ್ನು ಮಾರಬಹುದಲ್ಲ? ಕೋಲಾರದ ಟೊಮೆಟೊ ಮಂಡಿಯನ್ನು ನೋಡಿ. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸ್ ಎರಡು ಸಾವಿರ ದಾಟಿತ್ತು. ಕೊಯ್ಲಿನ ಕೂಲಿಯೂ ಹುಟ್ಟದೆ ಬೆಳೆದವರು ರಸ್ತೆಗೆ ಸುರಿದ ವರ್ಷಗಳೂ ಇವೆ. ಹುಟ್ಟಿನಿಂದ ಬೇಸಾಯ ಮಾಡಿದವರೇ ಆ ಏರಿಳಿತಕ್ಕೆ ಸೋಲುವಾಗ, ಎರಡು ಬಾಕ್ಸ್ ಬದನೆಕಾಯಿ ಇಟ್ಟುಕೊಂಡು ಹೊಸಬರು ಗೆಲ್ಲುವುದು ಕಷ್ಟ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಎಂಬ ವಾದ ಆದಾಯವೇ ಇಲ್ಲದವರ ಉಪಯೋಗಕ್ಕೆ ಬಾರದು. ಗಟ್ಟಿಯಾದ ಆಕ್ಷೇಪ ಒಂದೇ: ಜಮೀನಿನ ಬೆಲೆ ಏರುತ್ತದೆ, ಪಟ್ಟಣದಿಂದ ದೂರದ ಕೃಷಿ ಭೂಮಿ ಮಾರಿದರೆ ಬಂಡವಾಳ ಲಾಭದ ತೆರಿಗೆಯೂ ಇಲ್ಲ. ಒಪ್ಪುತ್ತೇನೆ. ಇಪ್ಪತ್ತು ವರ್ಷ ಮುಟ್ಟಬೇಕಿಲ್ಲದ ಹಣವಿದ್ದವರು ಕೊಳ್ಳಲಿ. ಆದರೆ ಸಂಬಳ ಬಿಟ್ಟು ಹೋಗುವವರಿಗೆ ಬೇಕಿರುವುದು ರಾತ್ರಿ ಎದೆನೋವು ಬಂದರೆ ಮಂಗಳೂರಿಗೋ ಶಿವಮೊಗ್ಗಕ್ಕೋ ಓಡಲು ಕೈಗೆ ಸಿಗುವ ದುಡ್ಡು. ಜಂಟಿ ಪಹಣಿಯ ಜಮೀನಾದರೆ ಮಾರುವ ಮೊದಲು ಬೇಕಾದ 11ಇ ಸರ್ವೆ ಸ್ಕೆಚ್ಚಿಗೇ ತಿಂಗಳುಗಟ್ಟಲೆ ಕಾಯಬೇಕಾದೀತು. ಅವಸರಕ್ಕೆ ಮಾರುವವನ ಗರಜು ನೋಡಿಯೇ ಕೊಳ್ಳುವವನು ದರ ಹೇಳುತ್ತಾನೆ.

ಇನ್ನು ಗುಡ್ಡ. ಕುದುರೆಮುಖವಾಗಲಿ ನೇತ್ರಾವತಿ ಶಿಖರವಾಗಲಿ ಹತ್ತಲು ಅರಣ್ಯ ಇಲಾಖೆಯ ಅನುಮತಿ, ಶುಲ್ಕ ಬೇಕೇ ಹೊರತು ಜಮೀನಲ್ಲ. ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. ಉಣ್ಣೆ ಹತ್ತದಂತೆ ಮೈತುಂಬ ಬಟ್ಟೆ, ಬಂದೊಡನೆ ಬಿಸಿನೀರ ಸ್ನಾನ, ಇವಕ್ಕೆ ದೊಡ್ಡ ಖರ್ಚಿಲ್ಲ.

ಹಾಗಾದರೆ ಏನು ಮಾಡಬೇಕು? ಕೃಷಿ ಜಮೀನನ್ನು ಗೇಣಿಗೆ ಹಿಡಿಯೋಣವೆಂದರೆ ಕರ್ನಾಟಕದಲ್ಲಿ 1961ರ ಅದೇ ಭೂಸುಧಾರಣಾ ಕಾಯ್ದೆಯ 5ನೇ ಕಲಂ ಅಡ್ಡ ಬರುತ್ತದೆ. ಬಾಯಿಮಾತಿನ ಗೇಣಿ ನಡೆಯುತ್ತದೆ ನಿಜ, ಜಗಳವಾದರೆ ನಿಮ್ಮ ಕೈಯಲ್ಲಿ ಕಾಗದವಿರುವುದಿಲ್ಲ. ಅದರ ಬದಲು ಹಿತ್ತಲಿರುವ ಹಳೆಯ ಮನೆಯೊಂದನ್ನು ಬಾಡಿಗೆಗೆ ಹಿಡಿಯಿರಿ. ಮಕ್ಕಳೆಲ್ಲ ನಗರ ಸೇರಿ ಬೀಗ ಬಿದ್ದ ಮನೆಗಳು ಕೊಪ್ಪ, ಶೃಂಗೇರಿ, ತೀರ್ಥಹಳ್ಳಿಯ ಸುತ್ತ ಬೇಕಾದಷ್ಟಿವೆ. ಬಾಡಿಗೆಯನ್ನು ಆ 30 ಲಕ್ಷದ ಬಡ್ಡಿಯೇ ಕೊಟ್ಟು ಮಿಗುತ್ತದೆ, ಅಸಲು ಹಾಗೇ ಇರುತ್ತದೆ. ಒಂದು ಪೂರ್ತಿ ಮಳೆಗಾಲ ಕಳೆದ ಮೇಲೂ ಜಮೀನು ಬೇಕೆನಿಸಿದರೆ ಬಾವಿಯ ನೀರನ್ನು ಏಪ್ರಿಲ್ ಕೊನೆಯಲ್ಲೂ, ಹೋಗುವ ದಾರಿಯನ್ನು ಜುಲೈನಲ್ಲೂ ನೋಡಿಕೊಂಡು, ಆಮೇಲೆ ಮುಂಗಡದ ಮಾತಾಡಿ.